ಗೋಡೆಗೆ ಹೊದಿಸಿದ ಏಳು ಕೌದಿ

ಕಳೆದ ವಾರ ನಮ್ಮ ಮನೆಯಲ್ಲಿ ಉಳಿದಿದ್ದ ನೆಂಟರೊಬ್ಬರಿಗೆ ಹೊದೆಯಲು ಕೌದಿ ಕೊಟ್ಟಿದ್ದೆವು. ಬೆಳಿಗ್ಗೆ ಎದ್ದವರು ಅದನ್ನು ಮಡಿಚುತ್ತ, ನಾಲ್ಕೂ ಮೂಲೆಗಳಲ್ಲಿದ್ದ ತೂತುಗಳಲ್ಲಿ ಬೆರಳು ತೂರಿಸಿ ನೋಡಿ, “ಇಲಿ ಕಾಟ ಭಾಳ ಐತೇನ್ರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಿಂದ, “ಹೂಂನ್ರಿ, ಒಂದ ಐತಿ. ಕನ್ನಡಕ ಹಾಕ್ಕೊಂತೈತಿ,” ಎಂದಳು. ನೆಂಟರು ನನ್ನ ಕನ್ನಡಕವನ್ನು ನೋಡಿದರು.

ಅವರಿಗೆ ಬಸ್ಸಿನ ಅವಸರವಿತ್ತು, ಹಾಗಾಗಿ ತೂತಿನ ಕಥೆ ಹೇಳಲಾಗಲಿಲ್ಲ. ನಿಮಗೆ ಅಂಥ ಅವಸರವಿಲ್ಲ ಎಂದುಕೊಂಡು ಹೇಳುತ್ತೇನೆ.

ನಾನು ಕುಷ್ಟಗಿಯ ಪಶು ಆಸ್ಪತ್ರೆಯಲ್ಲಿ ಪರೀಕ್ಷಕ. ಸುತ್ತಲಿನ ಹಳ್ಳಿಯವರು ‘ದನದ ಡಾಕ್ಟ್ರು’ ಎನ್ನುತ್ತಾರೆ. ನಾನು ತಿದ್ದುವುದಿಲ್ಲ. ಎಮ್ಮೆಯ ಎಡಪಕ್ಕೆಗೆ ಸ್ಟೆತಾಸ್ಕೋಪು ಹಚ್ಚಿ, ಒಳಗಿನ ಗುಡುಗುಡು ಕೇಳಿಯೇ ಅದು ನಿನ್ನೆ ಏನು ಮೇಯ್ದಿದೆಯೆಂದು ಹೇಳಬಲ್ಲೆ ಎಂಬ ಜಂಬ ನನ್ನದು. ಇಂಥ ಕಿವಿಯನ್ನು ದೇವರು ಬರೀ ಎಮ್ಮೆಗಳಿಗಾಗಿ ಕೊಟ್ಟಿರಲಾರ ಎಂದು ಬಹಳ ಹಿಂದೆಯೇ ನನಗೆ ಅನುಮಾನ ಬಂದಿತ್ತು.

ಆ ಅನುಮಾನ ಹುಟ್ಟಿದ್ದು ತಾವರಗೇರಾದಲ್ಲಿ, ಒಂದು ಹರವಿಯಿಂದ. ನಾನು ಚಿಕ್ಕವನಿದ್ದಾಗ ನಮ್ಮ ಓಣಿಯ ದರ್ಜಿ ಹುಸೇನಪ್ಪ ತನ್ನ ಟೇಪ್‌ ರೆಕಾರ್ಡರಿನ ಸ್ಪೀಕರನ್ನು ಬಿಚ್ಚಿ, ನೀರು ತುಂಬುವ ಮಣ್ಣಿನ ಹರವಿಯ ಬಾಯಿಗೆ ಬೋರಲು ಹಾಕಿ ಇಟ್ಟಿದ್ದ. ಹಾಡು ಹಚ್ಚಿದರೆ ಢೋಲಿನ ಪೆಟ್ಟು ಹರವಿಯೊಳಗೆ ಇಳಿದು, ಸುತ್ತು ಹಾಕಿ, ನಮ್ಮ ಹೊಟ್ಟೆಗೇ ಬಂದು ಬಡಿಯುತ್ತಿತ್ತು. ನಾವು ಹುಡುಗರು ಅಂಗಡಿಯ ಕಟ್ಟೆಯ ಮೇಲೆ ಹೊಟ್ಟೆ ಮುಂದು ಮಾಡಿಕೊಂಡು ಕೂಡುತ್ತಿದ್ದೆವು. ನಾನು ಮನೆಗೆ ಹೋದವನೇ ಹುಣಸೆಹಣ್ಣಿನ ಗಡಿಗೆ ಖಾಲಿ ಮಾಡಿ, ಅಪ್ಪನ ಟ್ರಾನ್ಸಿಸ್ಟರನ್ನು ಹಚ್ಚಿ, ಓರೆ ಮಾಡಿ ಒಳಗೆ ಇಳಿಸಿದೆ. ಇಳಿಯಿತು. ಆಮೇಲೆ ಒಳಗೆ ಅದರ ಏರಿಯಲ್ಲು ಬಿಚ್ಚಿಕೊಂಡು ಅಡ್ಡ ಸಿಕ್ಕಿತು, ಹೊರಗೆ ಬರಲೊಲ್ಲದು. ಅಪ್ಪ ನಾಲ್ಕು ದಿನ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಪ್ರದೇಶ ಸಮಾಚಾರ ಕೇಳಿದರು. ಐದನೆಯ ದಿನ ಅವ್ವ ಗಡಿಗೆ ಒಡೆದಳು. ಬ್ಯಾಟರಿ ಮುಗಿದಿತ್ತು, ಅಪ್ಪನ ತಾಳ್ಮೆಯೂ ಮುಗಿದಿತ್ತು. ನನಗೆ ಬಿದ್ದ ಏಟಿನ ಸದ್ದಿನಲ್ಲಿ ಮಾತ್ರ ಆ ಢೋಲಿನ ಬಾಸ್ ಚೆನ್ನಾಗಿತ್ತು.

ನೌಕರಿ, ಮದುವೆ, ಮಗಳು, ಕುಷ್ಟಗಿಯಲ್ಲೊಂದು ಸ್ವಂತ ಮನೆ ಎಲ್ಲ ಆದಮೇಲೆ, ಮನೆಯ ಹಾಲ್‌ನಲ್ಲಿ ಹಾಡು ಕೇಳಲು ಒಂದು ಒಳ್ಳೆಯ ಸೆಟ್ ಇರಬೇಕೆಂದು ಗಂಗಾವತಿಯ ಖಾದರ್ ಸಾಹೇಬರ ಅಂಗಡಿಗೆ ಹೋದೆ. ಸಾಹೇಬರು ಮಾರುವವರೂ ಹೌದು, ರಿಪೇರಿ ಮಾಡುವವರೂ ಹೌದು. ಒಂದು ಆಂಪ್ಲಿಫೈಯರು, ಎರಡು ಸ್ಪೀಕರು ಕಟ್ಟಿ ಕೊಟ್ಟರು. ಮನೆಗೆ ತಂದು ಹಚ್ಚಿದೆ, ಸ್ವರ್ಗ. ಆ ಸ್ವರ್ಗ ಎರಡು ತಿಂಗಳು ಬಾಳಿತು. ಆಮೇಲೆ ತಬಲಾ ಸ್ವಲ್ಪ ದೂರದಲ್ಲಿ ಕೂತಂತೆ ಅನಿಸತೊಡಗಿತು. ಸ್ಪೀಕರು ಬದಲಿಸಿದೆ. ತಬಲಾ ಹತ್ತಿರ ಬಂತು, ತಂಬೂರಿ ಎದ್ದು ಹೋಯಿತು. ಆಂಪ್ಲಿಫೈಯರು ಬದಲಿಸಿದೆ. ತಂಬೂರಿ ಬಂತು, ಹಾಡುವವರಿಗೆ ನೆಗಡಿಯಾಯಿತು. ಸ್ಪೀಕರಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆ, ಸ್ಟ್ಯಾಂಡಿನ ಕೊಳವೆಯೊಳಗೆ ಮರಳು ತುಂಬಿದೆ, ಹಾಲಿನ ನಟ್ಟನಡುವೆ ಸುಣ್ಣದಕಡ್ಡಿಯಿಂದ ಗುರುತು ಮಾಡಿ ಒಂದೇ ಒಂದು ಕುರ್ಚಿ ಹಾಕಿದೆ. ಎರಡೂ ಸ್ಪೀಕರಿನ ಸದ್ದು ಸರಿಸಮನಾಗಿ ಬಂದು ಸೇರುವ ಜಾಗ ಅದು. ಮನೆಯಲ್ಲಿ ಮೂವರಿದ್ದೆವು, ಆ ಜಾಗ ಮಾತ್ರ ಒಂದೇ ಇತ್ತು. ಯಾರು ಕೂರುತ್ತಿದ್ದರೆಂದು ನೀವೇ ಊಹಿಸಬಹುದು. ಹಾಡು ನಡೆದಾಗ ಯಾರಾದರೂ ಮಾತಾಡಿದರೆ, ಕಣ್ಣು ತೆರೆಯದೆಯೇ ಪೊಲೀಸಿನವನ ಹಾಗೆ ಬಲಗೈ ಎತ್ತುತ್ತಿದ್ದೆ.

ಒಂದು ಸಲ ಖಾದರ್ ಸಾಹೇಬರ ಅಂಗಡಿಯಿಂದ ಹೋರಿ ಕಟ್ಟುವ ಹಗ್ಗದಷ್ಟು ದಪ್ಪನೆಯ ವೈರು ತಂದೆ. ಸಾಹೇಬರೇ, “ಬ್ಯಾಡ್ರಿ ಡಾಕ್ಟ್ರ, ಇದ್ದದ್ದ ಸಾಕು,” ಎಂದಿದ್ದರೂ ಕೇಳಿರಲಿಲ್ಲ. ಮರುದಿನ ಅದನ್ನು ಜೋಡಿಸಿ, ಚಹಾ ಕುಡಿದು ಬಂದು ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತೆ. ಮಗಳು ಸುಮಾ ಹಾಡು ಹಚ್ಚಿದಳು.

“ಹೆಂಗ ಐತಪಾ?”

“ಏನ ಹೇಳ್ಲಿ ಸುಮಾ! ಪರದೆ ಸರಿಸಿದಂಗ ಐತಿ. ಹಾರ್ಮೋನಿಯಂ ಒಳಗ ಗಾಳಿ ಓಡಾಡೂದು ಕೇಳಸ್ತೈತಿ. ಇದಕ್ಕ ಅನ್ನೂದು ವೈರು.”

“ಹೌದಪಾ,” ಎಂದಳು ಸುಮಾ, “ಆದ್ರ ಇದನ್ನ ಸಂಜಿಗೆ ಬಿಚ್ಚಿ ಕೊಡಬೇಕು. ಅವ್ವನ ಇಸ್ತ್ರಿ ಪೆಟಗಿದು.”

ನಾನು ಚಹಾ ಕುಡಿಯಲು ಎದ್ದಾಗ ವೈರು ಬದಲಿಸಿದ್ದಳು. ಹೊಸದು ಸೋಫಾದ ಹಿಂದೆ ಸುರುಳಿ ಸುತ್ತಿಕೊಂಡು ಮಲಗಿತ್ತು. ಗಿರಿಜಾ ನಗುತ್ತ ನೆಲಕ್ಕೇ ಕೂತುಬಿಟ್ಟಳು. ಆದರೆ ಹುಚ್ಚಿನ ಲಕ್ಷಣವೇನೆಂದರೆ, ಅಷ್ಟಾದರೂ ನನಗೆ ಅನುಮಾನ ಬಂದದ್ದು ನನ್ನ ಕಿವಿಯ ಮೇಲಲ್ಲ. ನಮ್ಮ ಇಸ್ತ್ರಿ ಪೆಟ್ಟಿಗೆ ಬಹಳ ಒಳ್ಳೆಯ ಕಂಪನಿಯದಿರಬೇಕು ಎಂದುಕೊಂಡೆ.

ಹೀಗಿರುವಾಗ ಖಾದರ್ ಸಾಹೇಬರು ಒಂದು ಮದುವೆಗೆಂದು ಕುಷ್ಟಗಿಗೆ ಬಂದವರು ನಮ್ಮ ಮನೆಗೂ ಬಂದರು. ಕುರ್ಚಿಯಲ್ಲಿ ಕೂರಿಸಿ ಒಂದು ಹಾಡು ಕೇಳಿಸಿದೆ. ಮುಗಿದ ಮೇಲೆ ಸುತ್ತಲೂ ನೋಡಿ, ನೆಲದ ಮೇಲೆ ಕಾಲಾಡಿಸಿ ಹೇಳಿದರು:

“ಡಾಕ್ಟ್ರ, ಮಷೀನ್ ಏನೂ ಖರಾಬ್ ಇಲ್ರಿ. ಖೋಲಿ ಖರಾಬ್ ಐತಿ. ಕೆಳಗ ಟೈಲ್ಸು, ಸುತ್ತ ಸಿಮೆಂಟ್ ಗ್ವಾಡಿ, ಗಾಜಿನ ಕಪಾಟು. ಆವಾಜು ಬಡದು ಬಡದು ವಾಪಸ್ ಬರಾಕತ್ತೈತಿ. ಗ್ವಾಡಿಗೆ ಏನಾರ ಮೆತ್ತಂದು ಹಚ್ಚರಿ.”

ಮೆತ್ತನೆಯದು! ಇಷ್ಟು ದಿನ ಇದು ನನಗೆ ಹೊಳೆಯಲೇ ಇಲ್ಲವಲ್ಲ ಎಂದು ಹಣೆ ಬಡಿದುಕೊಂಡೆ. ಹೊಳೆದದ್ದು ಟ್ರಂಕಿನಲ್ಲಿತ್ತು. ಬೇವೂರಿನಲ್ಲಿರುವ ನಮ್ಮ ಅತ್ತೆ, ಗಿರಿಜಾಳ ತಾಯಿ, ಹಳೆಯ ಇಳಕಲ್ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಒತ್ತೊತ್ತಾಗಿ ಕೈಹೊಲಿಗೆ ಹಾಕಿ, ವರ್ಷಗಟ್ಟಲೆ ಕೂತು ಏಳು ಕೌದಿ ಹೊಲಿದು ಕಳಿಸಿದ್ದರು. ಸುಮಾಳ ಮದುವೆಯಲ್ಲಿ ಕೊಡಲು ಎಂದು. ಅವು ಒಂದು ದಿನವೂ ಯಾರ ಮೈ ಮುಟ್ಟಿರಲಿಲ್ಲ. ಗಿರಿಜಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅವಳು ಶಾಲೆಯಿಂದ ಬರುವುದರೊಳಗೆ ಏಳನ್ನೂ ಗೋಡೆಗಳಿಗೆ ಬಿಗಿದು, ಒಂದೊಂದರ ನಾಲ್ಕು ಮೂಲೆಗಳಿಗೂ ದೊಡ್ಡ ದೊಡ್ಡ ಮೊಳೆ ಹೊಡೆದಿದ್ದೆ. ಬಾಸ್ ಅನ್ನುವ ತಗ್ಗು ದನಿ ಮೂಲೆಗಳಲ್ಲಿ ಹೋಗಿ ಸೇರಿಕೊಳ್ಳುತ್ತದೆ ಎಂದು ಎಲ್ಲೋ ಓದಿದ್ದರಿಂದ, ಹಾಲಿನ ಮೂಲೆಗೊಂದರಂತೆ ಜೋಳದ ಚೀಲವನ್ನೂ ನಿಲ್ಲಿಸಿದ್ದೆ.

ಗಿರಿಜಾ ಚಪ್ಪಲಿ ಬಿಡುತ್ತಿರುವಾಗಲೇ ಪಕ್ಕದ ಮನೆಯ ನೀಲವ್ವ ಹಿಂದೆಯೇ ಬಂದು, “ಟೀಚರ, ಕೌದಿ ಮಾರಾಕ ಇಟ್ಟೀರೇನ್ರಿ? ಆ ಕೆಂಪ ಅಂಚಿಂದು ನನಗಿರ್ಲಿ,” ಎಂದಳು. ಗಿರಿಜಾ ಗೋಡೆ ನೋಡಿದಳು, ನನ್ನನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸುತ್ತಿಗೆ ನೋಡಿದಳು. ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ಆ ಮೂರು ದಿನ ಮನೆ ಎಷ್ಟು ಶಾಂತವಾಗಿತ್ತೆಂದರೆ, ಹೇಳಲು ನಾಚಿಕೆಯಾಗುತ್ತದೆ, ಅದನ್ನು ನಾನು ಕೌದಿಗಳ ಗುಣವೆಂದೇ ತಿಳಿದಿದ್ದೆ.

ಇನ್ನು ಉಳಿದದ್ದು ಒಂದೇ ಕೊರತೆ. ಯಾವುದೋ ಒಂದು ಸ್ವರಕ್ಕೆ ಎಲ್ಲಿಂದಲೋ ಕಿಣಿಕಿಣಿ ಸದ್ದು. ಆಸ್ಪತ್ರೆಯ ಸ್ಟೆತಾಸ್ಕೋಪು ತಂದು, ಮೊಣಕಾಲೂರಿ ಹಾಲಿನ ತುಂಬ ತೆವಳಿ, ಸ್ಪೀಕರು, ಕಿಟಕಿ, ಟೀಪಾಯಿ, ಎಲ್ಲದರ ಪಕ್ಕೆಗೂ ಹಚ್ಚಿದೆ. ಸಿಕ್ಕಿತು. ಗಾಜಿನ ಕಪಾಟಿನಲ್ಲಿದ್ದ ಒಂದು ಬಹುಮಾನದ ಕಪ್ಪು. ಸುಮಾ ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಯಲ್ಲಿ ಗೆದ್ದದ್ದು. ಅದನ್ನು ಅರಿವೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಕಿಣಿಕಿಣಿ ನಿಂತಿತು.

ಆ ವೇಳೆಗೆ ಸುಮಾ ಕೊಪ್ಪಳದ ಒಂದು ಕಚೇರಿಯಲ್ಲಿ ನೌಕರಿಗೆ ಸೇರಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವಳನ್ನು ನೋಡಲು ಒಂದು ಭಾನುವಾರ ಗಂಗಾವತಿಯಿಂದ ಬರುತ್ತೇವೆಂದು ಗಂಡಿನ ಕಡೆಯವರು ಹೇಳಿಕಳಿಸಿದರು. ಹುಡುಗ ಮಹೇಶ, ಕೊಪ್ಪಳದಲ್ಲೇ ಬ್ಯಾಂಕಿನಲ್ಲಿ ಕೆಲಸ. ತಂದೆ ಬಸವರಾಜಪ್ಪ ಅಕ್ಕಿ ವ್ಯಾಪಾರಿ. ಗಿರಿಜಾ ಹಿಂದಿನ ದಿನವೇ ಎಚ್ಚರಿಸಿದ್ದಳು: “ಬೀಗರು ಹನ್ನೊಂದಕ್ಕ ಬರ್ತಾರ. ಹತ್ತರೊಳಗ ಗ್ವಾಡಿ ಗ್ವಾಡಿ ಹಂಗ ಕಾಣಬೇಕು. ಇಲ್ಲಾಂದ್ರ ನಿಮ್ಮ ಮಷೀನ್ ನೀಲವ್ವಗ ಕೊಡ್ತೀನಿ.”

ಅವರು ಒಂಬತ್ತೂವರೆಗೇ ಬಂದರು. ಆಗ ನಾನು ಬರೀ ಬನಿಯನ್ನಿನಲ್ಲಿ ಸ್ಟೂಲು ಹತ್ತಿ, ಇಕ್ಕಳ ಹಿಡಿದು ಮೊದಲನೆಯ ಮೊಳೆಯೊಂದಿಗೆ ಗುದ್ದಾಡುತ್ತಿದ್ದೆ. ಮುಂದೆ ಬಸವರಾಜಪ್ಪ, ಹಿಂದೆ ಅವರ ಹೆಂಡತಿ ಶಾರದಮ್ಮ, ಅವರ ಹಿಂದೆ ಮಹೇಶ. ಏಳೂ ಕೌದಿ, ನಾಲ್ಕು ಜೋಳದ ಚೀಲ, ನಟ್ಟನಡುವೆ ಒಂಟಿ ಕುರ್ಚಿ. ಗಿರಿಜಾ ಓಡಿಬಂದವಳು, “ಅದು… ಬಿಸಲಿಗೆ ಗ್ವಾಡಿ ಭಾಳ ಕಾಯ್ತಾವ್ರಿ, ಅದಕ್ಕ…” ಎಂದು ಏನೋ ಶುರು ಮಾಡಿದಳು.

ಬಸವರಾಜಪ್ಪ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಹಾಲಿನ ನಡುವೆ ನಿಂತು, ಕೈ ಎತ್ತಿ, ಒಂದೇ ಒಂದು ಚಪ್ಪಾಳೆ ತಟ್ಟಿದರು. ತಲೆ ಓರೆ ಮಾಡಿ ಆಲಿಸಿದರು.

“ಆಹಾ! ಒಂದೀಟೂ ಮಾರ್ದನಿ ಇಲ್ಲಲ್ರೀ!”

ನಾನು ಸ್ಟೂಲಿನ ಮೇಲೆಯೇ ಕರಗಿಹೋದೆ. ಹೆಣ್ಣು ನೋಡಲು ಬಂದು, ಹೆಣ್ಣಿಗಿಂತ ಮೊದಲು ಕೋಣೆಯನ್ನು ಚಪ್ಪಾಳೆ ತಟ್ಟಿ ಪರೀಕ್ಷಿಸುವ ಮನುಷ್ಯ ಈ ಜಿಲ್ಲೆಯಲ್ಲಿ ಇನ್ನೊಬ್ಬನಿದ್ದಾನೆಂದು ನನಗೆ ಗೊತ್ತಿರಲಿಲ್ಲ. ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಇಳಿದು ಬಂದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ಐದು ನಿಮಿಷದಲ್ಲಿ ನಮ್ಮಿಬ್ಬರಿಗೂ ಗೊತ್ತಾಗಬೇಕಾದದ್ದೆಲ್ಲ ಗೊತ್ತಾಯಿತು. ಅವರದೂ ಖಾದರ್ ಸಾಹೇಬರದೇ ಅಂಗಡಿ. ಅವರೂ ಮೂರು ಸಲ ಆಂಪ್ಲಿಫೈಯರು ಬದಲಿಸಿದವರು. ಅವರು ಮೂಲೆಗಳಲ್ಲಿ ಭತ್ತದ ಚೀಲ ಇಟ್ಟಿದ್ದಾರಂತೆ. “ಜ್ವಾಳ ಹೆಂಗ್ರಿ, ಭತ್ತಕ್ಕಿಂತ ಚಲೋ ಹಿಡಿತೈತೇನು?” ಎಂದು ಅವರು ಕೇಳಿದ ದನಿಯಲ್ಲಿ ಎಷ್ಟು ವಿನಯವಿತ್ತೆಂದರೆ, ನನ್ನ ಕಣ್ಣು ಒದ್ದೆಯಾಯಿತು.

ಹಾಡು ಹಚ್ಚಿದೆ. ಇಬ್ಬರೂ ಕಣ್ಣು ಮುಚ್ಚಿದೆವು. ತಬಲಾದವನು ಒಂದು ಕಡೆ ಎಡಗೈಯನ್ನು ಒತ್ತಿ ಜಾರಿಸುತ್ತಾನೆ, ಆ ಜಾಗ ಬರುವುದಿತ್ತು. ಅದೇ ಹೊತ್ತಿಗೆ ಹೆಜ್ಜೆ ಸಪ್ಪಳ, ಕಪ್ಪು ಬಸಿಗಳ ಸಣ್ಣ ಸದ್ದು. ಬಸವರಾಜಪ್ಪ ಕಣ್ಣು ತೆರೆಯದೆ ಬಲಗೈ ಎತ್ತಿದರು.

“ಒಂದ ನಿಮಿಷ ತಂಗಿ. ಎಡಗೈ ಬರಾಕತ್ತೈತಿ.”

ನಾನು ಕಣ್ಣು ತೆರೆದೆ. ಸೀರೆಯುಟ್ಟ ಸುಮಾ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಬಸವರಾಜಪ್ಪನವರ ಕೈಯನ್ನಲ್ಲ, ನನ್ನ ಕೈಯನ್ನು. ಅದೂ ಮೇಲೆ ಎದ್ದಿತ್ತು.

ಹೆಣ್ಣು ನೋಡಲು ಬಂದ ಮನೆಯಲ್ಲಿ ಹೆಣ್ಣು ಹಾಡು ಮುಗಿಯುವವರೆಗೆ ತಟ್ಟೆ ಹಿಡಿದು ನಿಂತಳು. ಶಾರದಮ್ಮ ಗಿರಿಜಾಳನ್ನು ನೋಡಿದರು. ಗಿರಿಜಾ ಶಾರದಮ್ಮನನ್ನು ನೋಡಿದಳು. ಇಬ್ಬರೂ ಎದ್ದು ಅಡುಗೆಮನೆಗೆ ಹೋದರು. ಅಲ್ಲಿಂದ ಬಹಳ ದಿನದ ಗೆಳತಿಯರ ಹಾಗೆ ನಗುವ ಸದ್ದು ಬಂತು. ಮಹೇಶ ಎದ್ದು ಸುಮಾಳ ಕೈಯಿಂದ ತಟ್ಟೆ ತೆಗೆದುಕೊಂಡು ಟೀಪಾಯಿಯ ಮೇಲಿಟ್ಟ. ಮೆಲ್ಲಗೆ, “ಮ್ಯಾಲೆ ಹೋಗೂಣೇನ್ರಿ? ಇಲ್ಲಿ ಮಾತಾಡಾಕ ಬಿಡಂಗಿಲ್ಲ,” ಎಂದ. ಇಬ್ಬರೂ ಮಾಳಿಗೆ ಹತ್ತಿದರು. ನಾವು ಇನ್ನೂ ಐದು ಹಾಡು ಕೇಳಿದೆವು.

ಹೊರಡುವಾಗ ಬಸವರಾಜಪ್ಪ ನನ್ನ ಎರಡೂ ಕೈ ಹಿಡಿದು, “ನಮಗ ಪೂರಾ ಒಪ್ಪಿಗಿ ಐತ್ರಿ,” ಎಂದರು. ಹುಡುಗಿಯ ಮುಖ ಅವರು ಸರಿಯಾಗಿ ನೋಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ. ಮದುವೆಯಲ್ಲಿ ಇಬ್ಬರೂ ಬೀಗರು ಸೇರಿ ಮಕ್ಕಳಿಗೆ ಒಂದು ಒಳ್ಳೆಯ ಸೆಟ್ ಕೊಡುವುದೆಂದು ಬಾಗಿಲಲ್ಲೇ ಮಾತಾಗಿಹೋಯಿತು.

ಅವರ ಗಾಡಿ ಓಣಿ ದಾಟುತ್ತಲೇ ನಾನು ಕೈ ಉಜ್ಜಿಕೊಳ್ಳುತ್ತ ಒಳಗೆ ಬಂದೆ. “ಎಂಥಾ ಮನಷ್ಯಾ! ಎಂಥಾ ಮನಿ! ಸುಮಾ, ನಿನ್ನ ಪುಣ್ಯ.”

ಸುಮಾ ತಣ್ಣಗಾದ ಚಹಾ ಕಪ್ಪುಗಳನ್ನು ಒಂದೊಂದಾಗಿ ತಟ್ಟೆಗೆ ಇಡುತ್ತಿದ್ದಳು.

“ಹುಡುಗ ಚಲೋ ಅದಾನಪಾ. ನನಗ ಮನಸಿಗೆ ಬಂದಾನ. ಆದ್ರ ಆ ಮನಿಗೆ ನಾ ಹೋಗಂಗಿಲ್ಲ.”

“ಯಾಕವ್ವಾ?”

“ಅವರ ಅವ್ವ ಸಂಜಿಗೆ ಮಿಕ್ಸಿ ಹಚ್ಚಂಗಿಲ್ಲಂತ. ಫೋನ್ ಬಂದ್ರ ಬೀದಿಗೆ ಹೋಗಿ ಮಾತಾಡಬೇಕಂತ. ಅಲ್ಲೂ ಒಂದ ಕುರ್ಚಿ, ಅಲ್ಲೂ ಕೈ. ಹುಟ್ಟಿದ ಮನ್ಯಾಗ ಕೈ ನೋಡಿ ನೋಡಿ ಸಾಕಾಗೈತಿ, ಕೊಟ್ಟ ಮನ್ಯಾಗೂ ಅದನ್ನ ನೋಡ್ಲೇನು?”

ನಾನು ನಕ್ಕುಬಿಡೋಣವೆಂದುಕೊಂಡೆ. ಅವಳು ನಗುತ್ತಿರಲಿಲ್ಲ.

“ನೌಕರಿ ಆತು ಅಂತ ಹೇಳಾಕ ಬಸ್ಟ್ಯಾಂಡಿನಿಂದ ಓಡ್ಕೊಂತ ಬಂದಿದ್ದೆ. ನಿನಗ ಮೊದ್ಲು ಹೇಳಬೇಕಂತ. ನೀ ಕೈ ಎತ್ತಿದಿ.”

“ಇಲ್ಲವಾ, ಹಂಗ ಆಗಿರಾಕಿಲ್ಲ…”

“ಆಗೇತ್ರಿ,” ಎಂದಳು ಗಿರಿಜಾ ಬಾಗಿಲಲ್ಲಿ ನಿಂತು. “ನಾ ನೋಡೀನಿ. ಅಕಿ ಹಂಗ ಒಳಗ ಬಂದು ನನಗ ಹೇಳಿದ್ಲು.”

ನೆನಪು ಮಾಡಿಕೊಳ್ಳಲು ನೋಡಿದೆ. ಆ ದಿನ ಯಾವ ಹಾಡು ಕೇಳುತ್ತಿದ್ದೆ ಎಂಬುದು ಕೂಡ ನೆನಪಾಗಲಿಲ್ಲ. ಸುದ್ದಿ ಗೊತ್ತಾದದ್ದು ಮಾತ್ರ ನೆನಪಿದೆ. ಗಿರಿಜಾ ಪೇಢೆ ತಂದು ನನ್ನ ಅಂಗೈಯಲ್ಲಿಟ್ಟು ಹೇಳಿದ್ದಳು, ನಾನು ಪೇಢೆ ಬಾಯಿಗೆ ಹಾಕಿಕೊಂಡು ‘ಭೇಷ್’ ಎಂದಿದ್ದೆ. ಮಗಳ ಬಾಯಿಂದ ಕೇಳಬೇಕಾದ ಮಾತು ಎಂದು ಆಗ ಅನಿಸಿರಲೇ ಇಲ್ಲ. ಹಾರ್ಮೋನಿಯಮ್ಮಿನೊಳಗೆ ಗಾಳಿ ಓಡಾಡುವುದನ್ನು ಕೇಳಬಲ್ಲೆನೆಂದು ಬೀಗುತ್ತಿದ್ದವನು ನಾನು. ಎದ್ದು ಅಟ್ಟ ಹತ್ತಿದೆ. ಸುಮಾಳ ಕಪ್ಪನ್ನು ಹುಡುಕಿ, ಅರಿವೆ ಬಿಚ್ಚಿ, ಬನಿಯನ್ನಿನಿಂದಲೇ ಒರೆಸಿ, ಇಳಿದು ಬಂದು ಕಪಾಟಿನಲ್ಲಿಟ್ಟೆ. ಹಿಂದೆ ಸರಿಯುವಾಗ ಕಾಲು ಜಾರಿ ಜೋಳದ ಚೀಲದ ಮೇಲೆ ಬಿದ್ದೆ. ಚೀಲ ಒಡೆದು ಹಾಲಿನ ತುಂಬ ಜೋಳ ಹರಡಿತು. ಆಗ ಸುಮಾ ನಕ್ಕಳು.

ನಕ್ಕು ಮುಗಿದ ಮೇಲೆ ಷರತ್ತು ಹೇಳಿದಳು. ಅದನ್ನು ಅವರಿಬ್ಬರೂ ಮಾಳಿಗೆಯ ಮೇಲೇ ಗೊತ್ತು ಮಾಡಿಕೊಂಡಿದ್ದರಂತೆ. ಇಬ್ಬರ ಕೆಲಸವೂ ಕೊಪ್ಪಳದಲ್ಲೇ ಇರುವುದರಿಂದ ಅಲ್ಲೇ ಬೇರೆ ಮನೆ. ಆ ಮನೆಗೆ ಯಾವ ಅಪ್ಪನ ಸೆಟ್ಟೂ ಬರಕೂಡದು. ಉಡುಗೊರೆಯಾಗಿಯೂ ಬರಕೂಡದು.

ಬಸವರಾಜಪ್ಪನವರಿಗೆ ಹೇಗೆ ಹೇಳುವುದೆಂದು ಹೆದರುತ್ತಲೇ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸಣ್ಣ ದನಿಯಲ್ಲಿ, “ನಮ್ಮಲ್ಲೂ ಅದ ಮಾತಾತ್ರಿ, ಬೀಗರ. ಹುಡುಗ ಹೇಳಿದ, ಅವರವ್ವ ಹೂಂ ಅಂದ್ಲು. ಸಂಜಿಗೆ ಮಿಕ್ಸಿ ಶುರು ಆಗೈತಿ,” ಎಂದರು. ಹಿಂದೆ ಮಿಕ್ಸಿಯ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಶಾರದಮ್ಮನವರು ಏನು ರುಬ್ಬುತ್ತಿದ್ದರೋ, ಬಹಳ ಹೊತ್ತು ರುಬ್ಬಿದರು.

ಮದುವೆಯಾಯಿತು. ಬೇವೂರಿನಿಂದ ಬಂದ ಅತ್ತೆ ಕೌದಿಗಳ ತೂತು ಒಂದೊಂದನ್ನೂ ಮುಟ್ಟಿ ನೋಡಿದರು. ಎರಡು ದಿನ ಕೂತು ಆರು ಕೌದಿಗಳಿಗೆ ಬಣ್ಣ ಬಣ್ಣದ ತೇಪೆ ಹಚ್ಚಿ ಮೊಮ್ಮಗಳಿಗೆ ಕೊಟ್ಟರು. ಏಳನೆಯದನ್ನು ಹಾಗೆಯೇ ಮಡಿಚಿ ನನ್ನ ಕೈಗಿಟ್ಟು, “ಅಳಿಯಂದಿರ, ಇದು ನಿಮಗಿರ್ಲಿ,” ಎಂದರು.

ನಮ್ಮ ಗೋಡೆ ಈಗ ಬರೀ ಗೋಡೆ. ಸೆಟ್ ಇದೆ. ಸುತ್ತ ಮೂರು ಕುರ್ಚಿಗಳಿವೆ, ಹಾಡಿನ ನಡುವೆ ಗಿರಿಜಾ ಅವಳ ಶಾಲೆಯ ಸುದ್ದಿ ಹೇಳುತ್ತಾಳೆ. ತಬಲಾ ಎಲ್ಲಿ ಕೂತಿದೆಯೆಂದು ನಾನು ವಿಚಾರಿಸುವುದನ್ನು ಹೆಚ್ಚುಕಡಿಮೆ ಬಿಟ್ಟಿದ್ದೇನೆ.

ಮೊನ್ನೆ ಭಾನುವಾರ ಬೆಳಿಗ್ಗೆ ಸುಮಾಳ ಫೋನು ಬಂತು. ಸಿಲಿಂಡರು ಬರುವುದು ತಡವಾದದ್ದು, ಮೇಲಿನ ಮನೆಯವರು ಬಟ್ಟೆಯ ನೀರು ಸುರಿಸುವುದು, ಕಚೇರಿಗೆ ಬಂದ ಹೊಸ ಸಾಹೇಬರು, ಎಲ್ಲವನ್ನೂ ಹೇಳಿದಳು. ಕೊನೆಗೆ ದನಿ ತಗ್ಗಿಸಿದಳು.

“ಅಪ್ಪಾ, ಇವ್ರು ಒಂದ ಸಣ್ಣ ಸ್ಪೀಕರ್ ತಂದಾರ. ಸುದ್ದಿ ಕೇಳಾಕಂತ. ನಿನ್ನಿ ಸಂಜಿಯಿಂದ ಅದರಾಗ ಬಾಸ್ ಇಲ್ಲ ಅನ್ನಾಕತ್ತಾರ. ನನಗ ಹೆದರಿಕಿ ಬಂದೈತಿ. ನೀನ ಒಂದೀಟು ಬುದ್ಧಿ ಹೇಳು.”

ಫೋನು ಮಹೇಶನ ಕೈಗೆ ಹೋಯಿತು. ಅತ್ತ ಹೆಜ್ಜೆಗಳು ದೂರ ಹೋದ ಸದ್ದು. ಆಮೇಲೆ ಪಿಸುದನಿ.

“ಮಾವಾರ, ಅಕಿ ಒಳಗ ಹೋದ್ಲು. ಲಗೂನ ಹೇಳ್ರಿ, ಸ್ಪೀಕರ್ ಎಷ್ಟ ಇಂಚಿಂದು ತಗೊಳ್ಲಿ?”

ನನ್ನ ನಾಲಗೆಯ ತುದಿಯಲ್ಲಿ ಇಂಚುಗಳು ಸಾಲುಗಟ್ಟಿ ನಿಂತವು. ಎಂಟು, ಹತ್ತು, ಹನ್ನೆರಡು. ಮರದ ಪೆಟ್ಟಿಗೆ ಎಷ್ಟು ದಪ್ಪವಿರಬೇಕು, ಗೋಡೆಯಿಂದ ಎಷ್ಟು ದೂರ ಇಡಬೇಕು. ಅಡುಗೆಮನೆಯ ಬಾಗಿಲಲ್ಲಿ ಗಿರಿಜಾ ಸೌಟು ಹಿಡಿದು ನಿಂತಿದ್ದಳು.

“ಅಳಿಯಂದಿರ,” ಎಂದೆ, “ಮೊದ್ಲ ಅಕಿ ಒಳಗ ಯಾಕ ಹೋದ್ಲು ಕೇಳಿ ಬರ್ರಿ. ಇಂಚಿನ ಮಾತು ಆಮ್ಯಾಲ.”

ಅವನು ಫೋನನ್ನು ಎಲ್ಲೋ ಇಟ್ಟು ಹೋದ. ಕುಕ್ಕರು ಕೂಗಿತು, ಯಾವುದೋ ಗಾಡಿ ಹಾರ್ನು ಹೊಡೆಯಿತು, ನಲ್ಲಿಯ ನೀರು ಬಿತ್ತು. ಇವುಗಳ ನಡುವೆ ಎಲ್ಲೋ ಸುಮಾ ಏನೋ ಹೇಳಿದಳು, ಮಹೇಶ ಏನೋ ಅಂದ, ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡತೊಡಗಿದರು. ಒಂದು ಪದವೂ ಸ್ಪಷ್ಟವಿರಲಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು ಕೇಳುತ್ತ ನಿಂತೆ.